ನಿಖಿತಾ ಮಾಡಬಾರದ ತಪ್ಪು

“ಇನ್ನೊಮ್ಮೆ ಹಚ್ಚರಿ” ಎಂದರು ಗೋದಾವರಿ ಟೀಚರ್.

ಇನ್‌ಸ್ಪೆಕ್ಟರ್ ಬಸವಲಿಂಗಪ್ಪ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರು. ನಾರಾಯಣಗೂಡದ ಮೊದಲ ಮಹಡಿಯ ಆ ಕೋಚಿಂಗ್ ಸೆಂಟರಿನಲ್ಲಿ ಬೆಳಗಿನ ಬ್ಯಾಚು ಆಗಷ್ಟೇ ಮುಗಿದು ಬೆಂಚುಗಳು ಖಾಲಿಯಾಗಿದ್ದವು. ಟೇಪಿನ ಕರಕರ, ಅದರಡಿ ಗುರ್ ಎನ್ನುವ ಇನ್ನೊಂದು ಸಪ್ಪಳ; ಅವುಗಳ ಹಿಂದಿನಿಂದ ನಿಖಿತಾಳ ದನಿ ತೇಲಿಬಂತು.

“ಮೇಡಂ, ಐ ಆಮ್ ಸೇಫ್. ಡೋಂಟ್ ಸರ್ಚ್ ಫಾರ್ ಮಿ. ಐ ವಾಸ್ ಬೋರಿಂಗ್ ಇನ್ ದಟ್ ಜಾಬ್. ಹಿಯರ್ ಆಲ್ಸೋ, ಡೇ ಅಂಡ್ ನೈಟ್, ಐ ಆಮ್ ಬೋರಿಂಗ್. ಬಟ್ ಐ ಕಾಂಟ್ ಲೀವ್ ಹಿಮ್, ಮೇಡಂ. ಹೀ ಈಸ್ ಎ ಫ್ರೈಟೆಂಡ್ ಮ್ಯಾನ್. ಟೆಲ್ ಅಮ್ಮ.”

ಅಷ್ಟೇ. ಫೋನ್ ಇಟ್ಟ ಸದ್ದು.

ಮಾದಾಪುರದ ಕಾಲ್ ಸೆಂಟರೊಂದರಲ್ಲಿ ಹೊಸಬರಿಗೆ ಇಂಗ್ಲಿಷ್ ಕಲಿಸುತ್ತಿದ್ದ ನಿಖಿತಾ, ಸೋಮವಾರ ಕೆಲಸ ಮುಗಿಸಿ ಕ್ಯಾಬ್ ಹತ್ತಿದವಳು ಮನೆ ಮುಟ್ಟಿರಲಿಲ್ಲ. ಆ ಕ್ಯಾಬ್ ಕಂಪನಿಯದೇ ಅಲ್ಲವೆಂದು ಆಮೇಲೆ ತಿಳಿದಿತ್ತು. ಇವತ್ತು ಗುರುವಾರ. ಬೆಳಿಗ್ಗೆ ಅವಳ ಕರೆ ಬಂದಿದ್ದು ಮನೆಗಲ್ಲ, ಠಾಣೆಗೂ ಅಲ್ಲ; ತನಗೆ ಇಂಗ್ಲಿಷ್ ಕಲಿಸಿದ ಗೋದಾವರಿ ಟೀಚರರ ಈ ಸೆಂಟರಿಗೆ.

ಬಸವಲಿಂಗಪ್ಪನವರ ಮಟ್ಟಿಗೆ ವಿಷಯ ಮುಗಿದಿತ್ತು. ಹುಡುಗಿ ಮೇಜರು. ಬೇಸರವಾಗಿ ಕೆಲಸ ಬಿಟ್ಟಿದ್ದಾಳೆ, ಯಾವನೋ ಹುಡುಗನ ಜೊತೆ ಹೋಗಿದ್ದಾಳೆ. ಅವನು ಎರಡೂ ಮನೆಯವರಿಗೆ ಹೆದರಿ ಅಡಗಿದ್ದಾನೆ. ಮೇಲಿನ ಸಾಹೇಬರು ಕೂಡ ಫೈಲು ಮುಚ್ಚಲು ಹೇಳಿಬಿಟ್ಟಿದ್ದರು. ಇಷ್ಟನ್ನು ಅವರು ಮೆಲ್ಲಗೆ, ಮೂಲೆಯ ಬೆಂಚಿನಲ್ಲಿ ಕೂತಿದ್ದ ನಿಖಿತಾಳ ತಾಯಿಯ ಕಡೆ ನೋಡದೆ ಹೇಳಿದರು.

ತಾಯಿ ಗುಣವತಿ ಉಡುಪಿಯ ಕಡೆಯವರು. ಗಂಡನಿಗೆ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸವಾದ ಮೇಲೆ ಈ ಊರಿಗೆ ಬಂದು ಇಲ್ಲೇ ಬೇರುಬಿಟ್ಟವರು. ಸೋಮವಾರದಿಂದ ಕ್ವಾರ್ಟರ್ಸಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಸಮಾಧಾನದ ನೆಪದಲ್ಲಿ ಹುಡುಗನ ಹೆಸರು ಕೇಳಿ ಹೋಗಿದ್ದರು. ಗುಣವತಿ ಅವರಿಗೆಲ್ಲ ಚಹಾ ಕೊಟ್ಟು ಕಳಿಸಿದ್ದರು. ಈಗ ಮಾತ್ರ ತಲೆ ಎತ್ತಿದರು.

“ಓಡಿ ಹೋಗುವುದಾದರೆ ಅವಳು ನನಗೆ ಹೇಳಿಯೇ ಓಡುತ್ತಿದ್ದಳು” ಎಂದರು.

ಗೋದಾವರಿ ಟೀಚರ್ ಅವರತ್ತ ನೋಡಿ, ಇನ್‌ಸ್ಪೆಕ್ಟರ್ ಕಡೆ ತಿರುಗಿದರು. ಲಿಂಗಸೂಗೂರಿನವರಾದ ಅವರು ಮೂವತ್ತು ವರ್ಷ ಹೈದರಾಬಾದಿನಲ್ಲಿದ್ದರೂ ಮಾತಿನ ಧಾಟಿ ಬದಲಿಸಿಕೊಂಡವರಲ್ಲ. ಇಂಗ್ಲಿಷ್ ಆಡಿದರೆ ಇಂಗ್ಲಿಷ್, ಕನ್ನಡ ಆಡಿದರೆ ರಾಯಚೂರು.

“ಬಸವಲಿಂಗಪ್ಪನವರ, ಈ ಮಾತಿನಾಗ ಎರಡು ತಪ್ಪು ಅದಾವ. ಇಂಥ ತಪ್ಪು ನಿಖಿತಾ ಮಾಡಂಗಿಲ್ಲ.”

“ಗಾಬರ್ಯಾಗ ತಪ್ಪು ಆಗ್ತಾವಲ್ರಿ, ಅಕ್ಕೋರ.”

“ಗಾಬರ್ಯಾಗ ಮನಿಷಾ ತೊದಲ್ತಾನ. ಅಕಿ ತೊದಲಿಲ್ಲ. ಇಷ್ಟು ತಣ್ಣಗ ತಪ್ಪು ಮಾಡ್ಯಾಳ ಅಂದ್ರ ಬೇಕಂತ ಮಾಡ್ಯಾಳ.”

ಅವರು ಎದ್ದು ಹಲಗೆಯ ಬಳಿ ಹೋದರು. ಬಸವಲಿಂಗಪ್ಪ ನಾರಾಯಣಖೇಡದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಠಾಣೆಯಲ್ಲಿ ಉರ್ದು ಮಾತಾಡಿ ಬೆಳೆದ ಅವರಿಗೆ ಇಂಗ್ಲಿಷ್ ಎಂದರೆ ರಿಪೋರ್ಟು ಬರೆಯುವ ಭಾಷೆ. ಆದ್ದರಿಂದ ಟೀಚರ್ ಕನ್ನಡದಿಂದಲೇ ಶುರುಮಾಡಿದರು. ಹೆದರಿದ ಮನುಷ್ಯ ಬೇರೆ, ಹೆದರಿಸುವ ಮನುಷ್ಯ ಬೇರೆ. ನಮ್ಮಲ್ಲಿ ಒಂದು ‘ಇಸು’ ಸೇರಿದರೆ ಸಾಕು, ಭಯ ಪಟ್ಟವನು ಭಯ ಹುಟ್ಟಿಸುವವನಾಗುತ್ತಾನೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಕ್ರಿಯಾಪದದ ಬಾಲದಲ್ಲಿರುವ ‘ಇಂಗ್’ ಮಾಡುತ್ತದೆ. ಬೋರಿಂಗ್ ಎಂದರೆ ಇನ್ನೊಬ್ಬರಿಗೆ ಬೇಸರ ತರುವಂಥದ್ದು, ಬೇಸರಗೊಂಡವರು ಬೋರ್ಡ್. ಫ್ರೈಟೆನಿಂಗ್ ಎಂದರೆ ಹೆದರಿಸುವವನು. ಫ್ರೈಟೆಂಡ್ ಎಂದರೆ ಹೆದರಿದವನು.

“ಇಂಗ್ ಹಚ್ಚಿದ್ರ ಕೊಡೋದು, ಇನ್ನೊಂದು ಹಚ್ಚಿದ್ರ ತಗೊಳ್ಳೋದು. ಇಷ್ಟ ಐತಿ ನೋಡ್ರಿ” ಎಂದು ಚಾಕ್‌ಪೀಸ್ ಇಟ್ಟರು.

ಈ ಪಾಠ ಕಲಿಯಲು ನಿಖಿತಾಗೆ ಹಿಂದೊಮ್ಮೆ ಕಷ್ಟವಾಗಿತ್ತು. ಕಾಲೇಜು ಮುಗಿಸಿ ಬಂದ ಹೊಸದರಲ್ಲಿ ಇದೇ ಕೋಣೆಯಲ್ಲಿ ನಿಂತು, ತನಗೆ ಬೇಸರವಾಗಿದೆ ಎನ್ನಲು ಹೋಗಿ ತಾನೇ ಬೇಸರದ ಹುಡುಗಿ ಎಂದುಬಿಟ್ಟಿದ್ದಳು. ಇಡೀ ಬ್ಯಾಚು ನಕ್ಕಿತ್ತು. ಅವಳೂ ನಕ್ಕು, ಮಾರನೆಯ ದಿನ ಅದೇ ಪಾಠವನ್ನು ತಾನೇ ಬೋರ್ಡಿನ ಮುಂದೆ ನಿಂತು ಮಾಡಿ ತೋರಿಸಿದ್ದಳು. ಕಾಲ್ ಸೆಂಟರಿಗೆ ಸೇರಿದ ಹೊಸಬರಿಗೆ ಮೊದಲ ದಿನ ಕಲಿಸುವುದೂ ಇದನ್ನೇ.

ಬಸವಲಿಂಗಪ್ಪ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಹಾಗಾದರೆ ಆ ಹುಡುಗಿ ಹೇಳಬಂದದ್ದು ಏನೆಂದು ಕೇಳಿದರು.

ಬೋರಿಂಗ್ ಅನ್ನು ಬೇಕೆಂದೇ ತಿರುಗಿಸಿದವಳು ಫ್ರೈಟೆಂಡನ್ನೂ ತಿರುಗಿಸಿರಬೇಕು, ಎರಡನ್ನೂ ತಿರುಗಿಸಿ ಕೇಳಿ ಎಂದರು ಟೀಚರ್. ಹೆದರಿದವನು ಎಂದ ಕಡೆ ಹೆದರಿಸುವವನು ಎಂದು ಓದಬೇಕು. ಅವಳನ್ನು ಯಾರೋ ಹೆದರಿಸಿ ಇಟ್ಟುಕೊಂಡಿದ್ದಾರೆ. ಮಾತಾಡುವಾಗ ಅವನು ಪಕ್ಕದಲ್ಲೇ ಇದ್ದ. ಇನ್ನೂ ಒಂದು ಸಂಗತಿ ಇತ್ತು. ಈ ಸೆಂಟರಿನ ಫೋನು ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಇಟ್ಟದ್ದು. ಯಾರೇ ಕರೆ ಮಾಡಿದರೂ ಇಂಗ್ಲಿಷಿನಲ್ಲೇ ಮಾತಾಡಬೇಕು, ಮಾತೆಲ್ಲ ಟೇಪಿಗೆ ಇಳಿಯುತ್ತದೆ, ಆಮೇಲೆ ಕೂತು ತಪ್ಪು ತಿದ್ದುತ್ತಾರೆ. ಅದು ನಿಖಿತಾಗೆ ಗೊತ್ತು, ಅವಳ ಪಕ್ಕದಲ್ಲಿದ್ದವನಿಗೆ ಗೊತ್ತಿಲ್ಲ. ತಾಯಿಗೆ ಮಾಡಬಹುದಾಗಿದ್ದ ಕರೆಯನ್ನು ಅವಳು ಇಲ್ಲಿಗೆ ಮಾಡಿದ್ದು ಅದಕ್ಕೇ.

ಗುಣವತಿ ಬಾಯಿಗೆ ಸೆರಗು ಹಿಡಿದು ಅತ್ತರು. ಅದು ದುಃಖದ ಅಳುವಾಗಿರಲಿಲ್ಲ. ಮಗಳು ಓಡಿ ಹೋಗಿಲ್ಲವೆಂದು ಮೊದಲ ಸಲ ಇನ್ನೊಬ್ಬರ ಬಾಯಿಂದ ಕೇಳಿದ್ದರು.

“ಮತ್ತ ಇನ್ನೊಂದು ಕೇಳ್ರಿ” ಎಂದರು ಟೀಚರ್. “ಪಕ್ಕದಾಗ ಕುಂತು ಕೇಳಿಸ್ಕೊಂಡಾವಗ ಇದು ತಪ್ಪು ಅಂತ ಅನ್ನಿಸಿಲ್ಲ. ಅನ್ನಿಸಿದ್ರ ಫೋನ್ ಕಸಗೊಂತಿದ್ದ. ಅಂದ್ರ ಅಂವ ಸೈತ ದಿನಾ ಇಂಥಾ ತಪ್ಪು ಮಾಡಾವ ಇರಬೇಕು.”

---

ನಿಖಿತಾ ಯಾಕೆ ಯಾರಿಗೋ ಬೇಡವಾಗಿದ್ದಳೆಂಬುದು, ಕಂಪನಿಯಲ್ಲಿ ವಿಚಾರಿಸಿದಾಗ ಸಿಕ್ಕಿದ್ದ ಮಾಹಿತಿಯಿಂದ ಈಗ ಅರ್ಥವಾಗುತ್ತಿತ್ತು. ಹೊಸಬರ ತಪ್ಪು ತಿದ್ದಲು ಕಂಪನಿಯ ಹಳೆಯ ಕರೆಗಳನ್ನು ಕೇಳುತ್ತಿದ್ದಾಗ ಅವಳಿಗೊಂದು ಅಪರಿಚಿತ ದನಿ ಸಿಕ್ಕಿತ್ತು. ಅದು ಅಮೆರಿಕದ ಮುದುಕ ಮುದುಕಿಯರಿಗೆ ಬ್ಯಾಂಕಿನವರೆಂದು ಹೇಳಿ ಕಾರ್ಡಿನ ವಿವರ ಕೇಳುತ್ತಿತ್ತು. ಆ ದನಿಯವರು ಯಾರೂ ಕರೆ ಮಾಡುವವರ ಮಹಡಿಯಲ್ಲಿ ಕೆಲಸಕ್ಕಿರಲಿಲ್ಲ. ತನಿಖೆಗೆಂದು ಅಮೆರಿಕದಿಂದ ಬರುವವರು ಶುಕ್ರವಾರ ಕಂಪನಿಗೆ ಕಾಲಿಡುವವರಿದ್ದರು. ಸಾವಿರಾರು ಕರೆಗಳ ನಡುವೆ ಆ ದನಿಯನ್ನು ಗುರುತಿಸಿ ತೋರಿಸಬಲ್ಲವಳು ನಿಖಿತಾ ಒಬ್ಬಳೇ. ಅವಳು ವಿಷಯ ತಿಳಿಸಿದ್ದು ತನ್ನ ಮೇಲಿನ ಮೂವರಿಗೆ ಮಾತ್ರ. ಟೀಮ್ ಲೀಡ್ ಋಷಭ್, ಸಿಬ್ಬಂದಿ ವಿಭಾಗದ ರವಿಕಿರಣ, ವೈಸ್ ಪ್ರೆಸಿಡೆಂಟ್ ಮೋಹನ.

ಮೂವರನ್ನೂ ಮಾತಾಡಿಸಿ ಬರೋಣ ಎಂದು ಟೀಚರ್ ಹೊರಟರು. ಇನ್‌ಸ್ಪೆಕ್ಟರ್ ಅರೆಮನಸ್ಸಿನಿಂದಲೇ ಜೀಪು ಹತ್ತಿದರು. ವ್ಯಾಕರಣ ಹಿಡಿದುಕೊಂಡು ಕೋರ್ಟಿಗೆ ಹೋದರೆ ಜಡ್ಜು ನಗುತ್ತಾರೆ ಎಂಬುದು ಅವರ ಅಳುಕು. ಜಡ್ಜಿಗಿಂತ ಮೊದಲು ಹುಡುಗಿ ಸಿಗಲಿ ಎಂದರು ಟೀಚರ್.

ಜೀಪು ಪಂಜಗುಟ್ಟದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಟಾರು ಕರಗುವ ಬಿಸಿಲು. ಬಸವಲಿಂಗಪ್ಪನವರ ಮೊಬೈಲಿಗೆ ಊರಿನಿಂದ ತಮ್ಮನ ಫೋನ್ ಬಂತು. ಸ್ವಲ್ಪ ಹೊತ್ತು ಹೂಂ ಹೂಂ ಎಂದು ಕೇಳಿ ಇಟ್ಟವರು, ಗೊಣಗಿದರು.

“ಹೊಲದಾಗಿನ ಬೋರಿಂಗ್ ಬತ್ತಿ ಹೋಗ್ಯಾದಂತ. ಹೊಸಾ ಬೋರಿಂಗ್ ಹಾಕಸ್ತೀನಿ ಅನ್ಲತ್ತಾನ.”

ಗೋದಾವರಿ ಟೀಚರ್ ಥಟ್ಟನೆ ಅವರ ಕಡೆ ತಿರುಗಿದರು.

“ಏನಂದ್ರಿ?”

ಬಾವಿ ಬೋರು, ಕೊಳವೆ ಬಾವಿ ಎಂದು ಇನ್‌ಸ್ಪೆಕ್ಟರ್ ವಿವರಿಸಲು ಹೋದರು. ತಮ್ಮ ಕಡೆ ಅದಕ್ಕೆ ಬೋರಿಂಗ್ ಎಂದೇ ಹೇಳುವುದು, ಈ ಊರಲ್ಲೂ ಹಾಗೇ ಹೇಳುತ್ತಾರೆ, ಬೋರಿಂಗ್ ನೀರು, ಬೋರಿಂಗ್ ಗಾಡಿ. ಟೀಚರ್ ಕೇಳುತ್ತಲೇ ಇರಲಿಲ್ಲ. ಜೀಪಿನ ಕಬ್ಬಿಣದ ಸರಳು ಹಿಡಿದು ಕೂತಲ್ಲೇ ನಗುತ್ತಿದ್ದರು. ಡೇ ಅಂಡ್ ನೈಟ್, ಐ ಆಮ್ ಬೋರಿಂಗ್. ಪ್ರೀತಿಸಿದವನ ಜೊತೆ ಹೋದ ಹುಡುಗಿಗೆ ಹಗಲೂ ರಾತ್ರಿ ಬೇಸರ ಏಕೆ ಎಂಬ ಪ್ರಶ್ನೆ ಬೆಳಗಿನಿಂದ ಅವರನ್ನು ಕೊರೆಯುತ್ತಿತ್ತು. ಅವಳು ಬೇಸರದ ಮಾತೇ ಆಡಿರಲಿಲ್ಲ. ಹಗಲೂ ರಾತ್ರಿ ನೆಲ ಕೊರೆಯುವ ಯಂತ್ರದ ಪಕ್ಕ ತಾನಿದ್ದೇನೆ ಎಂದಿದ್ದಳು.

“ಟೇಪಿನಾಗ ಹಿಂದ ಗುರ್ ಅನ್ನೋ ಸಪ್ಪಳ ಇತ್ತಲ್ರಿ. ನೀವು ಲಾರಿ ಅಂದ್ರಿ, ನಾ ನಮ್ಮ ಫ್ಯಾನ್ ಅನ್ಕೊಂಡೆ. ಅದು ಬೋರಿಂಗ್ ಗಾಡಿ.”

ಬಸವಲಿಂಗಪ್ಪ ಡ್ರೈವರಿಗೆ ಜೋರಾಗಿ ಓಡಿಸಲು ಹೇಳಿದರು. ಅಳುಕು ಹೋಗಿತ್ತು. ಆದರೆ ಆ ಬೇಸಿಗೆಯಲ್ಲಿ ಹೈದರಾಬಾದಿನ ಗಲ್ಲಿಗಲ್ಲಿಯಲ್ಲೂ ಬೋರು ಕೊರೆಯುತ್ತಿದ್ದರು. ಯಾವ ಗಲ್ಲಿ ಎಂದು ಹೇಳಬಲ್ಲವನು ಒಬ್ಬನೇ, ಅವನು ಮಾದಾಪುರದ ಆ ಗಾಜಿನ ಕಟ್ಟಡದಲ್ಲಿ ಕೂತಿದ್ದ.

---

ಋಷಭ್ ಮೊದಲು ಸಿಕ್ಕ. ಬೆಳಗಾವಿಯ ಹುಡುಗ, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು. ಟೀಚರ್ ಇಂಗ್ಲಿಷಿನಲ್ಲೇ ವಿಚಾರಿಸಿದರು, ಅವನೂ ಇಂಗ್ಲಿಷಿನಲ್ಲೇ ತಡವರಿಸುತ್ತ ಉತ್ತರಿಸಿದ. ಉಚ್ಚಾರ ಒರಟು. ಆದರೆ ತಾನು ವರೀಡ್ ಎಂದ, ಸುದ್ದಿ ಶಾಕಿಂಗ್ ಎಂದ. ಬಾಲಗಳೆಲ್ಲ ಸರಿಯಾದ ಜಾಗದಲ್ಲಿದ್ದವು. ನಿಖಿತಾಳೇ ಕಲಿಸಿದ್ದಳಂತೆ.

ರವಿಕಿರಣ ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವನು. ಅವಳಿಂದ ಇದನ್ನು ನಿರೀಕ್ಷಿಸಿರಲಿಲ್ಲ, ತಾನು ಡಿಸಪಾಯಿಂಟೆಡ್ ಎಂದು ಮುಖ ಗಂಟಿಕ್ಕಿದ. ಅವನ ಮಾತು ಟೀಚರರಿಗೆ ಹಿಡಿಸಲಿಲ್ಲ, ವ್ಯಾಕರಣದಲ್ಲಿ ಮಾತ್ರ ಕುಂದು ಹುಡುಕಲಾಗಲಿಲ್ಲ. ಅವನ ಮುಂದೆ ನಿಖಿತಾ ಹಾಗೆ ಮಾತಾಡಿದ್ದರೆ ಎರಡನೆಯ ವಾಕ್ಯಕ್ಕೇ ಸಿಕ್ಕಿಬೀಳುತ್ತಿದ್ದಳು.

ಉಳಿದವನು ಮೋಹನ.

ಅವನ ಕ್ಯಾಬಿನ್ನು ಮೇಲಿನ ಮಹಡಿಯಲ್ಲಿತ್ತು. ಕಿಟಕಿಯಾಚೆ ಒಂದರ ಮೇಲೊಂದು ಕೂತ ಬಂಡೆಗಳು, ಅವುಗಳ ನಡುವೆ ಏಳುತ್ತಿದ್ದ ಹೊಸ ಕಟ್ಟಡಗಳು. ಮೋಹನ ಬೆಂಗಳೂರಿನವನು, ಚಿಕಾಗೋದಲ್ಲಿ ಬಹಳ ವರ್ಷ ಇದ್ದೆನೆಂದು ಎಲ್ಲರಿಗೂ ಹೇಳಿಕೊಂಡವನು. ಎದ್ದು ನಿಂತು ಕೈಕುಲುಕಿದ. ಅಮೆರಿಕನ್ನರ ಹಾಗೆ ಮೂಗಿನಿಂದ ಉರುಳಿಬರುವ ಇಂಗ್ಲಿಷ್. ಹೊರಗೆ ನಿಂತು ಕೇಳಿದರೆ ಬಿಳಿಯನೇ ಎನ್ನಬೇಕು.

“ಐ ಆಮ್ ರಿಯಲಿ ಶಾಕಿಂಗ್, ಮೇಡಂ” ಎಂದ.

ಬಸವಲಿಂಗಪ್ಪ ಅಲುಗಲಿಲ್ಲ, ಆದರೆ ಅವರ ಕಣ್ಣು ಟೀಚರರ ಕಡೆ ಹೊರಳಿತು. ಟೀಚರ್ ತಮ್ಮ ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡರು. ಒಂದು ಸಲ ನಾಲಿಗೆ ತಪ್ಪಬಹುದು. ನಿಖಿತಾ ಆ ಅಪರಿಚಿತ ದನಿಯ ವಿಷಯ ಹೇಳಿದಾಗ ನಿಮಗೇನನ್ನಿಸಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ತಾನು ಬಹಳ ಆಸಕ್ತಿಯಿಂದ ಕೇಳಿದೆ ಎನ್ನಲು ಮೋಹನ, ‘ಐ ವಾಸ್ ವೆರಿ ಇಂಟರೆಸ್ಟಿಂಗ್ ಇನ್ ಇಟ್’ ಎಂದ.

ಉಚ್ಚಾರ ಬಾಡಿಗೆಗೆ ಸಿಗುತ್ತದೆ, ವ್ಯಾಕರಣ ಸಿಗುವುದಿಲ್ಲ ಎಂದು ಗೋದಾವರಿ ಟೀಚರ್ ತರಗತಿಯಲ್ಲಿ ಹೇಳುವುದಿತ್ತು. ಈಗ ಅದನ್ನು ಹೇಳಲಿಲ್ಲ. ಅವನ ಬೂಟುಗಳನ್ನು ನೋಡುತ್ತಿದ್ದರು. ಮೇಲ್ಭಾಗ ಮಿರಮಿರ ಮಿಂಚುತ್ತಿತ್ತು, ಅಂಚಿನಲ್ಲಿ ಬೂದುಬಣ್ಣದ ರಾಡಿ ಒಣಗಿ ಬಿರುಕುಬಿಟ್ಟಿತ್ತು. ಮಾದಾಪುರದ ಮಣ್ಣು ಕೆಂಪು. ನೆಲದಾಳದ ಕಲ್ಲು ಅರೆದು ಮೇಲೆ ಉಗುಳಿದಾಗ ಮಾತ್ರ ಈ ಬೂದು ಬಣ್ಣ ಬರುತ್ತದೆ.

ಅವರು ಕನ್ನಡಕ್ಕೆ ತಿರುಗಿದರು.

“ಮೋಹನ್ ಅವರ, ಬೋರಿಗೆ ನೀರು ಬಿತ್ತೇನ್ರಿ?”

ಮೋಹನನ ಮುಖದ ನಗು ಹಾಗೇ ನಿಂತುಕೊಂಡಿತು. ಯಾವ ಬೋರು ಎಂದು ಅವನು ಕೇಳಲಿಲ್ಲ.

“ನಮ್ಮನೆ ಹತ್ರ ಯಾವ ಬೋರೂ ಕೊರೀತಿಲ್ಲ” ಎಂದ.

“ನಿಮ್ಮ ಮನಿ ಅಂತ ನಾ ಎಲ್ಲಿ ಅಂದೆ?”

ಮೋಹನ ಮೇಜಿನ ಮೇಲಿನ ಪೆನ್ನು ಎತ್ತಿಕೊಂಡ, ಮತ್ತೆ ಇಟ್ಟ. ಈ ಊರಲ್ಲಿ ಈಗ ಎಲ್ಲ ಕಡೆ ಬೋರು ಹಾಕುತ್ತಿದ್ದಾರೆ, ಅದಕ್ಕೇ ಹಾಗೆ ಹೇಳಿದೆ ಎಂದ. ಇಂಗ್ಲಿಷ್ ಎಲ್ಲೋ ಹಾರಿಹೋಗಿತ್ತು, ಬೆಂಗಳೂರಿನ ಕನ್ನಡವೂ ತಡವರಿಸುತ್ತಿತ್ತು.

ಬಸವಲಿಂಗಪ್ಪ ಏಳಲು ಹೋದರು. ಟೀಚರ್ ಕಣ್ಣಿನಲ್ಲೇ ತಡೆದು, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ, ನಮಸ್ಕಾರ ಮಾಡಿ ಹೊರಬಂದರು. ಇಲ್ಲೇ ಹಿಡಿದರೆ ಅವನು ವಕೀಲರನ್ನು ಕರೆಸಿ ಬಾಯಿ ಮುಚ್ಚಿಕೊಳ್ಳುತ್ತಾನೆ, ನಾಳೆ ತನಿಖೆಯವರು ಬಂದು ಹೋಗುವವರೆಗೂ ಹುಡುಗಿ ಎಲ್ಲಿದ್ದಾಳೆಂದು ಹೇಳುವುದಿಲ್ಲ ಎಂದು ಲಿಫ್ಟಿನಲ್ಲಿ ಹೇಳಿದರು.

“ಅಂಜಿದಾವ ಈಗ ತಾನಾಗೇ ದಾರಿ ತೋರಸ್ತಾನ. ಕಾಯೋಣು.”

ಪೊಲೀಸ್ ಜೀಪನ್ನು ಎಲ್ಲರಿಗೂ ಕಾಣುವ ಹಾಗೆ ವಾಪಸು ಕಳಿಸಿದರು. ತಾವಿಬ್ಬರೂ, ಜೀಪಿನಲ್ಲಿ ಜೊತೆಗೆ ಬಂದಿದ್ದ ಇಬ್ಬರು ಕಾನ್‌ಸ್ಟೇಬಲ್‌ಗಳೂ ಕ್ಯಾಬ್ ಸ್ಟ್ಯಾಂಡಿನ ಒಂದು ಹಳೆಯ ಸುಮೋದಲ್ಲಿ ಕೂತರು. ಟೀಚರರ ಊಹೆ ಹುಸಿಯಾಗಲಿಲ್ಲ. ಮೋಹನನ ಬಿಳಿ ಕಾರು ಗೇಟು ದಾಟಿ ಬಂತು. ಒಂದು ಕೈಯಲ್ಲಿ ಮೊಬೈಲು ಕಿವಿಗೆ ಒತ್ತಿಕೊಂಡು ಅವನೇ ಓಡಿಸುತ್ತಿದ್ದ.

---

ಕಾರು ಜುಬಿಲಿ ಹಿಲ್ಸಿನಲ್ಲಿದ್ದ ಅವನ ಮನೆಯ ಕಡೆ ಹೋಗಲಿಲ್ಲ. ಬೇಗಂಪೇಟೆ ದಾಟಿತು, ಸಿಕಂದರಾಬಾದ್ ದಾಟಿತು. ಒಂದು ಸಿಗ್ನಲ್ಲಿನಲ್ಲಿ ಸುಮೋ ಹಿಂದೆ ಬಿತ್ತು, ಬಸವಲಿಂಗಪ್ಪ ಹಲ್ಲು ಕಚ್ಚಿ ಕೂತರು. ತಾರ್ನಾಕದ ಹತ್ತಿರ ಬಿಳಿ ಕಾರು ಮತ್ತೆ ಕಣ್ಣಿಗೆ ಬಿತ್ತು. ಅದು ಯೂನಿವರ್ಸಿಟಿಯ ಕಾಂಪೌಂಡಿನ ಪಕ್ಕದ ರಸ್ತೆಗೆ ತಿರುಗಿ, ಅಲ್ಲಿಂದ ಒಂದು ಗಲ್ಲಿಗೆ ನುಗ್ಗಿತು.

ಗಲ್ಲಿ ಕಾಣುವ ಮೊದಲೇ ಸದ್ದು ಕೇಳಿತು.

ಗಲ್ಲಿಯ ಕೊನೆಯಲ್ಲಿ ಬೋರಿಂಗ್ ಗಾಡಿ ನಿಂತಿತ್ತು. ಉದ್ದನೆಯ ಕಬ್ಬಿಣದ ತೋಳು ಆಕಾಶಕ್ಕೆ ಚಾಚಿ, ನೆಲ ನಡುಗಿಸುತ್ತ ಕೊರೆಯುತ್ತಿತ್ತು. ಬೂದು ರಾಡಿ ಬೀದಿಯ ತುಂಬ ಹರಿದಿತ್ತು. ಬೇವಿನ ಮರಗಳು, ಕಾಂಪೌಂಡುಗಳು, ಒಣಹಾಕಿದ ಬಟ್ಟೆಗಳು ಎಲ್ಲವೂ ಹಿಟ್ಟು ಬಳಿದ ಹಾಗಿದ್ದವು. ಬಸವಲಿಂಗಪ್ಪ ಟೀಚರರ ಕಡೆ ತಿರುಗಿ ಏನೋ ಹೇಳಿದರು, ಕೇಳಿಸಲಿಲ್ಲ. ಆದರೆ ಅವರ ಮುಖ ಹಬ್ಬದ ಮನೆಯ ಹಾಗೆ ಅರಳಿತ್ತು.

ಯಂತ್ರಕ್ಕೆ ತಾಗಿದ ಎರಡು ಮಹಡಿಯ ಮನೆಯ ಮುಂದೆ ಬಿಳಿ ಕಾರು ಬಾಗಿಲು ತೆರೆದೇ ನಿಂತಿತ್ತು. ಬೀದಿಯ ಕಿಟಕಿಗಳೆಲ್ಲ ಮುಚ್ಚಿದ್ದವು. ಇಂಥ ಸದ್ದಿನ ನಡುವೆ ಮಹಡಿಯ ಮೇಲೆ ಒಬ್ಬ ಹುಡುಗಿ ಎಷ್ಟೇ ಕೂಗಿದರೂ ಯಾರಿಗೆ ತಾನೇ ಕೇಳಿಸೀತು. ಮೋಹನ ಇದೇ ಮನೆ ಆರಿಸಿದ್ದು ಅದಕ್ಕೇ ಇರಬೇಕು.

ಕಾನ್‌ಸ್ಟೇಬಲ್‌ಗಳು ಮೆಟ್ಟಿಲು ಹತ್ತಿ ಓಡಿದರು. ಮೇಲಿನ ಬಾಗಿಲ ಬೀಗ ತೆಗೆಯುತ್ತಿದ್ದ ಮೋಹನನ ಭುಜದ ಮೇಲೆ ಬಸವಲಿಂಗಪ್ಪನವರ ಕೈ ಬಿದ್ದಾಗಲೇ ಅವನಿಗೆ ಹಿಂದೆ ಯಾರೋ ಬಂದಿದ್ದಾರೆಂದು ತಿಳಿದದ್ದು. ಅವನು ಓಡಲಿಲ್ಲ, ಒದ್ದಾಡಲಿಲ್ಲ. ಬೀಗದ ಕೈ ಕೆಳಗೆ ಬೀಳಿಸಿ ಗೋಡೆಗೆ ಒರಗಿ ನಿಂತ. ಗೋದಾವರಿ ಟೀಚರ್ ಬಾಗಿ ಅದನ್ನು ಎತ್ತಿಕೊಂಡು ತಾವೇ ಬಾಗಿಲು ತೆರೆದರು.

ಕಿಟಕಿಗೆ ಹಲಗೆ ಬಡಿದ ಕೋಣೆ. ಒಂದು ಮಂಚ, ಒಂದು ನೀರಿನ ಹೂಜಿ. ನಿಖಿತಾ ಮೂಲೆಯಲ್ಲಿ ಎದ್ದು ನಿಂತಿದ್ದಳು, ಕೈಯಲ್ಲಿ ಹೂಜಿಯ ಸ್ಟೀಲ್ ಮುಚ್ಚಳ ಹಿಡಿದು. ಬಂದವರ ತಲೆಗೆ ಅದರಿಂದ ಹೊಡೆಯಬೇಕೆಂದಿದ್ದಳೋ ಏನೋ. ಟೀಚರರ ಮುಖ ಕಂಡು ಮುಚ್ಚಳ ಕೈಯಿಂದ ಜಾರಿತು.

ಕೆಳಗೆ ಯಾರೋ ಹೇಳಿರಬೇಕು, ಬೋರಿಂಗ್ ಗಾಡಿಯ ಎಂಜಿನ್ ಕೆಮ್ಮುತ್ತ ನಿಂತಿತು. ಸೋಮವಾರದಿಂದ ಮೊದಲ ಸಲ ಆ ಕೋಣೆಯಲ್ಲಿ ನಿಶ್ಶಬ್ದ.

“ಐ ಆಮ್ ಬೋರ್ಡ್, ಮೇಡಂ” ಎಂದಳು ನಿಖಿತಾ. ಹೇಳಿ ನಕ್ಕಳು, ನಗುತ್ತಲೇ ಅತ್ತಳು.

ಗೋದಾವರಿ ಟೀಚರ್ ಅವಳನ್ನು ಎದೆಗೆ ಅವಚಿಕೊಂಡರು. ಎಷ್ಟೋ ವರ್ಷಗಳಲ್ಲಿ ಎಷ್ಟೋ ಮಕ್ಕಳು ಅವರ ಮುಂದೆ ಸರಿಯಾದ ವಾಕ್ಯ ಹೇಳಿದ್ದರು. ಯಾವುದೂ ಇಷ್ಟು ಇಂಪಾಗಿರಲಿಲ್ಲ.

ಇನ್‌ಸ್ಪೆಕ್ಟರ್ ತಮ್ಮ ಮೊಬೈಲಿನಿಂದ ಗುಣವತಿಯವರಿಗೆ ಫೋನ್ ಹಚ್ಚಿ ನಿಖಿತಾಳ ಕೈಗೆ ಕೊಟ್ಟರು. ತಾಯಿ ಮಗಳು ಏನು ಮಾತಾಡಿದರೆಂದು ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ವರಾಂಡಕ್ಕೆ ಬಂದು ನಿಂತರು. ಕೆಳಗೆ ಬೋರಿಂಗ್ ಗಾಡಿಯ ಕೆಲಸಗಾರರು ತಲೆ ಎತ್ತಿ ನೋಡುತ್ತಿದ್ದರು. ಅಕ್ಕಪಕ್ಕದ ಕಿಟಕಿಗಳು ಒಂದೊಂದಾಗಿ ತೆರೆಯುತ್ತಿದ್ದವು. ಮೇಲಿನ ಸಾಹೇಬರಿಗೆ ತಾವು ಈಗ ಮಾಡಲಿರುವ ಫೋನಿನ ಬಗ್ಗೆ ಯೋಚಿಸುತ್ತ ಬಸವಲಿಂಗಪ್ಪ ಮೀಸೆಯ ಮೇಲೆ ಕೈಯಾಡಿಸಿಕೊಂಡರು. ಫೈಲು ಮುಚ್ಚಿ ಎಂದವರಿಗೆ ಹೇಳಬೇಕಾದ ಮಾತನ್ನು ಅವರು ಇಂಗ್ಲಿಷಿನಲ್ಲೇ ಹೇಳುವವರಿದ್ದರು. ಟೀಚರರನ್ನು ಕೇಳಿ ಬಾಲ ಸರಿಮಾಡಿಕೊಂಡರಾಯಿತು.

ನಿಖಿತಾ ಫೋನ್ ಹಿಂದಿರುಗಿಸಲು ಹೊರಬಂದಳು. ನಾಳೆ ತನಿಖೆಯವರ ಮುಂದೆ ಕೂತು ಆ ದನಿಯನ್ನು ಗುರುತಿಸಬಲ್ಲೆಯಾ ಎಂದು ಬಸವಲಿಂಗಪ್ಪ ಕೇಳಿದರು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗುರುತಿಸುತ್ತೇನೆ ಎಂದಳು. ಅವಳ ಎರಡು ತಪ್ಪುಗಳನ್ನು ಟೀಚರ್ ಹೇಗೆ ತಿರುಗಿಸಿ ಓದಿದರೆಂದು ಅವರು ಹೆಮ್ಮೆಯಿಂದ ವರ್ಣಿಸತೊಡಗಿದರು. ನಿಖಿತಾ ನಡುವೆ ತಡೆದಳು.

“ಎರಡಲ್ಲ ಸರ್. ನಾನು ತಪ್ಪಾಗಿ ಹೇಳಿದ್ದು ಬೋರಿಂಗ್ ಒಂದನ್ನೇ.”

ಗೋದಾವರಿ ಟೀಚರ್ ಅವಳ ಮುಖ ನೋಡಿದರು.

ನಿಖಿತಾ ಮೋಹನನ ಕಡೆ ಬೆರಳು ತೋರಿಸಿದಳು. ಅವನು ತನ್ನನ್ನು ಒಂದು ಮಾತೂ ಬೈದಿರಲಿಲ್ಲ, ಊಟ ತಾನೇ ತಂದು ಕೊಡುತ್ತಿದ್ದ ಎಂದಳು. ಮೊಬೈಲು ಹೊಡೆದುಕೊಂಡರೆ ಸಾಕು ಎದ್ದು ನಿಲ್ಲುತ್ತಿದ್ದ, ಹೂಂ ಆಯ್ತು ಎಂದು ಹೇಳುವಾಗ ಬೆವರುತ್ತಿದ್ದ. ಒಮ್ಮೆ ಮಾತು ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಅತ್ತಿದ್ದೂ ಉಂಟು.

“ಫ್ರೈಟೆಂಡ್ ಅಂದದ್ದು ಸರಿಯಾಗಿಯೇ ಅಂದೆ ಮೇಡಂ. ಇವರು ಹೆದರಿದವರೇ.”

ಹೆದರಿಸುವವರು ಯಾರೆಂದು ಬಸವಲಿಂಗಪ್ಪ ಮೋಹನನನ್ನು ಕೇಳಿದರು. ಅವನು ತಲೆ ಅಲ್ಲಾಡಿಸಿದ. ಜೈಲಿಗೆ ಹಾಕಿ, ಅಲ್ಲಾದರೂ ನಿದ್ದೆ ಬರುತ್ತದೋ ನೋಡುತ್ತೇನೆ ಎಂದ.

ಅಷ್ಟರಲ್ಲಿ ಕಾನ್‌ಸ್ಟೇಬಲ್ ಅವನ ಜೇಬಿನಿಂದ ತೆಗೆದಿಟ್ಟುಕೊಂಡಿದ್ದ ಮೊಬೈಲು ಹೊಡೆದುಕೊಳ್ಳತೊಡಗಿತು. ಮೋಹನನ ಬೆನ್ನು ಗೋಡೆಯಿಂದ ತಾನಾಗಿಯೇ ನೆಟ್ಟಗಾಯಿತು. ಎತ್ತು ಎಂದು ಇನ್‌ಸ್ಪೆಕ್ಟರ್ ಫೋನನ್ನು ಅವನ ಮುಂದೆ ಹಿಡಿದರು. ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡ.

ಗೋದಾವರಿ ಟೀಚರ್ ಫೋನ್ ತೆಗೆದುಕೊಂಡು, ಗುಂಡಿ ಒತ್ತಿ, ಮಾತಾಡದೆ ಕಿವಿಗೆ ಹಿಡಿದರು.

ಒಬ್ಬ ಹೆಂಗಸಿನ ದನಿ. ವಯಸ್ಸಾದ, ಮೃದುವಾದ, ಮೊಮ್ಮಕ್ಕಳನ್ನು ಮಲಗಿಸುವಂಥ ದನಿ. ಮಾತು ಅಪ್ಪಟ ರಾಯಚೂರಿನ ಕಡೆಯದು.

“ಮೋಹನಾ, ಆ ಕೂಸು ಉಂಡತೇನಪಾ?”

ಮೋಹನನನ್ನು ಹೆದರಿಸುವ ದನಿ ಇದೇ ಎಂದು ಟೀಚರರಿಗೆ ಹೊಳೆಯಿತು. ಈ ಕಡೆಯಿಂದ ಉತ್ತರ ಬರದಿರಲು ಆ ದನಿ, ಅಷ್ಟೇ ಅಕ್ಕರೆಯಿಂದ, ಮತ್ತೆ ಮಾತಾಡಿತು.

“ಹಂಗಾರ ಗೋದಾವರಿ ಬಂದಾಳ ಅನ್ನು. ಬಿಸಲಾಗ ಬಂದಾಳ, ಮೊದಲ ಅಕಿಗೆ ನೀರು ಕೊಡಪಾ.”